ಹತ್ತರಿಂದ ಇಪ್ಪತ್ತಕ್ಕೆ: ಸಣ್ಣ ಶೆಡ್ಡಿನ ಮಷಿನ್ ಮುಂದೆ ಹೊಸ ಕಾನೂನು

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಹಳೆಯ ಕಾನೂನುಗಳ ಜಾಗಕ್ಕೆ ನಾಲ್ಕು ಬಂದವು. ಅವತ್ತಿನಿಂದ ಎರಡು ಥರದ ಸುದ್ದಿ ಒಟ್ಟೊಟ್ಟಿಗೆ ಓಡಾಡುತ್ತಿವೆ. ಕಾರ್ಮಿಕರ ಸುರಕ್ಷತೆ ಈಗ ಎಲ್ಲ ವಲಯಕ್ಕೂ ವಿಸ್ತರಿಸಿದೆ, ದಂಡ ಭಾರಿ ಏರಿದೆ ಅನ್ನುವುದು ಒಂದು. ಸಣ್ಣ ಕಾರ್ಖಾನೆಗಳು ಕಾನೂನಿನ ಕೈಯಿಂದಲೇ ಜಾರಿಹೋದವು ಅನ್ನುವುದು ಇನ್ನೊಂದು. ಐದು ದಿನ ಬಿಟ್ಟು, ನವೆಂಬರ್ 26ರಂದು, ಹಲವು ಕೇಂದ್ರ ಕಾರ್ಮಿಕ ಸಂಘಗಳು ದೇಶದಾದ್ಯಂತ ಪ್ರತಿಭಟನೆ ಮಾಡಿದವು. ಭಾರತೀಯ ಮಜ್ದೂರ್ ಸಂಘ ಸಂಹಿತೆಗಳನ್ನು ಸ್ವಾಗತಿಸಿತು.

ಒಂದೇ ಕಾನೂನಿನ ಬಗ್ಗೆ ಇಷ್ಟು ದೂರದ ಎರಡು ಮಾತು ಹೇಗೆ ಸಾಧ್ಯ? ಎರಡರಲ್ಲೂ ನಿಜ ಇದೆ, ಅದೇ ತೊಡಕು. ಕಾಗದದ ಮೇಲೆ ನೋಡಿದರೆ ತಲೆ ಗಿರ್ ಅನ್ನುತ್ತದೆ. ಹಾಗಾಗಿ ಮೊದಲು ಒಂದು ಮಷಿನ್ ಮುಂದೆ ನಿಂತು ನೋಡೋಣ. ಬೆಂಗಳೂರಿನ ಪೀಣ್ಯ, ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರ ಕಡೆಯ ಶೆಡ್ಡುಗಳಲ್ಲಿ ಹಗಲೂ ರಾತ್ರಿ ಧಡ್ ಧಡ್ ಅನ್ನುವ ಪವರ್ ಪ್ರೆಸ್ ಮುಂದೆ.

ಒಂದು ಏಟಿನ ಒಳಗೆ

ಪವರ್ ಪ್ರೆಸ್ ಮಾಡುವ ಕೆಲಸ ಸರಳ. ಕೆಳಗೊಂದು ಡೈ, ಅಂದರೆ ಉಕ್ಕಿನ ಅಚ್ಚು, ಮೇಲೊಂದು ಡೈ. ನಡುವೆ ತಗಡಿನ ತುಂಡು ಇಡಬೇಕು. ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನ ಡೈ ಇಳಿದು ಹೊಡೆಯುತ್ತದೆ. ತಗಡು ಬ್ರಾಕೆಟ್ ಆಗುತ್ತದೆ, ವಾಷರ್ ಆಗುತ್ತದೆ. ಆದ ಪೀಸ್ ತೆಗೆದು ಇನ್ನೊಂದು ಇಡಬೇಕು.

ಅಪಾಯ ಇರುವುದು ಕ್ಲಚ್‌ನಲ್ಲಿ. ಹಳೆಯ ಪ್ರೆಸ್‌ಗಳಲ್ಲಿ ಪಿನ್ ಕ್ಲಚ್ ಅಥವಾ ಕೀ ಕ್ಲಚ್ ಇರುತ್ತದೆ. ಮೋಟಾರ್ ಒಂದು ಭಾರವಾದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಸದಾ ತಿರುಗಿಸುತ್ತಿರುತ್ತದೆ. ಪೆಡಲ್ ಒತ್ತಿದಾಗ ಒಂದು ಉಕ್ಕಿನ ಕೀ ಹೋಗಿ ಚಕ್ರವನ್ನು ಶಾಫ್ಟ್‌ಗೆ ಕಚ್ಚಿಸುತ್ತದೆ. ಒಮ್ಮೆ ಕಚ್ಚಿತು ಅಂದರೆ ಮುಗಿಯಿತು. ಒಂದು ಸುತ್ತು ಪೂರ್ತಿ ಆಗುವ ತನಕ ಅದು ಬಿಡುವುದಿಲ್ಲ. ಅರ್ಧ ದಾರಿಯಲ್ಲಿ ಕೈ ಒಳಗಿದೆ ಅಂತ ಕಂಡರೂ ನಿಲ್ಲಿಸಲು ಬರುವುದಿಲ್ಲ. ಸ್ವಿಚ್ ಆಫ್ ಮಾಡಿದರೂ ಪ್ರಯೋಜನವಿಲ್ಲ. ಮೋಟಾರ್ ನಿಂತರೂ ಚಕ್ರದಲ್ಲಿ ತುಂಬಿದ ಶಕ್ತಿ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ.

ಇದಕ್ಕಿಂತ ಕೆಟ್ಟದ್ದು ಡಬಲ್ ಸ್ಟ್ರೋಕ್. ಕೀ ಸವೆದಿದ್ದರೆ, ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಸೋತಿದ್ದರೆ, ಪೆಡಲ್ ಮುಟ್ಟದೆಯೇ ಡೈ ಇನ್ನೊಮ್ಮೆ ಇಳಿಯುತ್ತದೆ. ಕೆಲಸಗಾರ ಆಗ ಏನು ಮಾಡುತ್ತಿರುತ್ತಾನೆ? ಆದ ಪೀಸನ್ನು ತೆಗೆಯಲು ಕೈ ಒಳಗೆ ಹಾಕಿರುತ್ತಾನೆ. ಅವನ ತಪ್ಪು ಎಲ್ಲಿ ಅಂತ ಹುಡುಕಿದರೂ ಸಿಗುವುದಿಲ್ಲ.

ಹೊಸ ಪ್ರೆಸ್‌ಗಳಲ್ಲಿ ಗಾಳಿಯ ಒತ್ತಡದ ಕ್ಲಚ್ ಇದೆ. ಇದನ್ನು ನಡುದಾರಿಯಲ್ಲೂ ನಿಲ್ಲಿಸಬಹುದು. ಇಂಥದ್ದಕ್ಕೆ ಲೈಟ್ ಕರ್ಟನ್ ಹಾಕುತ್ತಾರೆ. ಕಣ್ಣಿಗೆ ಕಾಣದ ಬೆಳಕಿನ ಪರದೆ ಅದು. ಕೈ ಅದನ್ನು ದಾಟಿದ ತಕ್ಷಣ ಪ್ರೆಸ್ ನಿಲ್ಲುತ್ತದೆ. ಪರದೆಯನ್ನು ಎಷ್ಟು ದೂರ ಇಡಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತದೆ ಅಂತ ಅಂತರರಾಷ್ಟ್ರೀಯ ಮಾನದಂಡದಲ್ಲಿ ಲೆಕ್ಕ ಹಿಡಿಯುತ್ತಾರೆ. ಪ್ರೆಸ್ ನಿಲ್ಲಲು 0.2 ಸೆಕೆಂಡ್ ಬೇಕಾದರೆ ಪರದೆ ಕನಿಷ್ಠ 40 ಸೆಂಟಿಮೀಟರ್ ದೂರ ಇರಬೇಕು. ಬ್ರೇಕ್ ಸವೆದು ನಿಲ್ಲುವ ಸಮಯ ಜಾಸ್ತಿ ಆದರೆ ದೂರವೂ ಜಾಸ್ತಿ ಆಗಬೇಕು.

ಇಲ್ಲಿ ಒಂದು ಮಾತು ಗಮನಿಸಬೇಕು. ಸೆನ್ಸರ್ ಹಾಕಿದ್ದೇವೆ ಅಂತ ಕೆಲವರು ಕೀ ಕ್ಲಚ್ ಪ್ರೆಸ್‌ಗೂ ಲೈಟ್ ಕರ್ಟನ್ ತೋರಿಸುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ. ಕೈ ಬಂತು ಅಂತ ಸೆನ್ಸರ್ ಹೇಳುತ್ತದೆ, ಆದರೆ ಮಷಿನ್‌ಗೆ ನಿಲ್ಲಲು ಬರುವುದಿಲ್ಲ. ಅಂಥ ಪ್ರೆಸ್‌ಗೆ ಸರಿಯಾದ ದಾರಿ ಬೇರೆ. ಬೆರಳು ತೂರದಷ್ಟು ಕಿರಿದಾದ ಸಂದು ಬಿಟ್ಟು ಡೈ ಸುತ್ತ ಗಟ್ಟಿ ಗಾರ್ಡ್ ಹಾಕಬೇಕು. ತಗಡನ್ನು ಹೊರಗಿನಿಂದ ಸ್ಲೈಡ್ ಮೇಲೆ ಜಾರಿಸಿ ಒಳಗೆ ಕಳಿಸಬೇಕು. ಇದಕ್ಕೆ ಬೇಕಾಗುವುದು ತಗಡು, ಬೋಲ್ಟು, ಒಬ್ಬ ಡೈ ಫಿಟ್ಟರ್‌ನ ಒಂದೆರಡು ದಿನದ ಕೆಲಸ.

‘ಎಚ್ಚರ ತಪ್ಪಿದ’ ಅನ್ನುವ ಮಾತು

ಅಪಘಾತ ಆದ ಮೇಲೆ ಮೊದಲು ಕೇಳಿಬರುವುದು ಇದೇ: ‘ಅವನು ಗಮನ ಇಡಲಿಲ್ಲ’. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಹತ್ತು ಪೀಸ್, ಹತ್ತು ಗಂಟೆಯ ಕೆಲಸ. ದಿನಕ್ಕೆ 6,000 ಸಲ ಕೈ ಡೈ ಒಳಗೆ ಹೋಗಿ ಬರುತ್ತದೆ. ತಿಂಗಳಿಗೆ 25 ದಿನ ಅಂದರೆ 1,50,000 ಸಲ. ಮನುಷ್ಯನ ಕೈ ಲಕ್ಷಕ್ಕೆ ಒಂದೇ ಸಲ ತಾಳ ತಪ್ಪುತ್ತದೆ ಅಂತ ಇಟ್ಟುಕೊಂಡರೂ, ತಿಂಗಳು ಮುಗಿಯುವುದರೊಳಗೆ ಅದು ತಪ್ಪಿರುತ್ತದೆ. ಲಕ್ಷಕ್ಕೆ ಒಂದು ತಪ್ಪು ಅಂದರೆ ಅದು ಬಹಳ ಎಚ್ಚರದ ಕೆಲಸಗಾರನೇ, ಅಲ್ವಾ? ಕೈ ಒಳಗೆ ಹೋಗಲೇಬೇಕಾದ ಕೆಲಸದಲ್ಲಿ ಬರೀ ಎಚ್ಚರಿಕೆಯನ್ನು ನಂಬಿ ಕೂರುವಂತಿಲ್ಲ.

ಹಾಗಾದರೆ ಗಾರ್ಡ್ ಇದ್ದರೂ ಅದನ್ನು ಬಿಚ್ಚಿಡುವುದೇಕೆ? ಕಾರಣ ದುಡ್ಡಿನಲ್ಲಿದೆ. ದೊಡ್ಡ ಕಂಪನಿ ಬಿಡಿಭಾಗಕ್ಕೆ ಆರ್ಡರ್ ಕೊಡುತ್ತದೆ. ತಗೊಂಡವರು ಅದರಲ್ಲಿ ಸ್ವಲ್ಪವನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಅಲ್ಲಿಂದ ಅದು ಜಾಬ್ ವರ್ಕ್ ಆಗಿ ಸಣ್ಣ ಶೆಡ್ಡಿಗೆ ಬರುತ್ತದೆ. ಒಂದೊಂದು ಮೆಟ್ಟಿಲಿಗೂ ಪೀಸಿನ ದರ ಇಳಿಯುತ್ತದೆ. ಕೊನೆಯ ಶೆಡ್ಡಿನಲ್ಲಿ ಮಾತುಕತೆ ನಡೆಯುವುದು ಪೈಸೆ ಲೆಕ್ಕದಲ್ಲಿ. ಸರಿಯಾಗಿ ಮಾಡಿರದ ಗಾರ್ಡ್ ಕೈಗೆ ಅಡ್ಡ ಬಂದು ನಿಮಿಷಕ್ಕೆ ಹತ್ತು ಪೀಸ್ ಆಗುವಲ್ಲಿ ಎಂಟು ಆದರೆ, ಮಾಲೀಕನಿಗೂ ನಷ್ಟ, ಪೀಸ್ ರೇಟಿನ ಕೆಲಸಗಾರನಿಗೂ ನಷ್ಟ. ಇಬ್ಬರೂ ಮಾತಾಡದೆ ಗಾರ್ಡ್ ಬಿಚ್ಚಿ ಮೂಲೆಗಿಡುತ್ತಾರೆ.

ಪ್ಲಾಸ್ಟಿಕ್ ಮೋಲ್ಡಿಂಗ್ ಮಷಿನ್‌ನಲ್ಲೂ ಇದೇ ಕಥೆ. ಮುಂದಿನ ಬಾಗಿಲು ಮುಚ್ಚಿದರೆ ಮಾತ್ರ ಮೋಲ್ಡ್ ಮುಚ್ಚಿಕೊಳ್ಳಬೇಕು. ಅದಕ್ಕೆಂದೇ ಲಿಮಿಟ್ ಸ್ವಿಚ್ ಇದೆ. ಆ ಸ್ವಿಚ್ ಸದಾ ಒತ್ತಿಕೊಂಡೇ ಇರುವ ಹಾಗೆ ತಂತಿಯಲ್ಲಿ ಬಿಗಿದುಬಿಟ್ಟರೆ ಬಾಗಿಲು ತೆರೆದಿದ್ದರೂ ಮಷಿನ್ ಓಡುತ್ತದೆ. ಒಂದು ಗೇಣು ತಂತಿ ಸಾಕು, ಲಕ್ಷಾಂತರ ರೂಪಾಯಿ ಮಷಿನ್‌ನ ಇಡೀ ಸುರಕ್ಷತಾ ವ್ಯವಸ್ಥೆ ಮಲಗುತ್ತದೆ. ಲೇತ್‌ನ ಅಪಾಯ ಇನ್ನೊಂದು ಬಗೆಯದು. ತುಂಡನ್ನು ಹಿಡಿದು ತಿರುಗುವ ಚಕ್ ಹತ್ತಿರ ಗ್ಲೌಸ್ ಹಾಕಿದ ಕೈಗಿಂತ ಬರಿಗೈಯೇ ಮೇಲು. ಗ್ಲೌಸಿನ ಒಂದು ಎಳೆ ಸಿಕ್ಕಿದರೂ ಕೈಯನ್ನೇ ಒಳಗೆ ಸುತ್ತಿಕೊಳ್ಳುತ್ತದೆ. ಗಾರ್ಮೆಂಟ್ಸ್‌ನ ಕಟಿಂಗ್ ವಿಭಾಗದಲ್ಲಿ ಬಟ್ಟೆ ಕತ್ತರಿಸುವ ಬ್ಯಾಂಡ್ ನೈಫ್ ಮುಂದೆ ಮಾತ್ರ ಉಕ್ಕಿನ ಬಲೆಯ ಗ್ಲೌಸ್ ಬೇಕೇ ಬೇಕು. ಒಂದು ಮಷಿನ್‌ಗೆ ಕಾಪಾಡುವ ವಸ್ತು ಇನ್ನೊಂದಕ್ಕೆ ಅಪಾಯ. ‘ಸುರಕ್ಷತಾ ಸಾಮಗ್ರಿ ಧರಿಸಿ’ ಅನ್ನುವ ಬೋರ್ಡು ಇದನ್ನೆಲ್ಲ ಹೇಳುವುದಿಲ್ಲ.

ಹಳೆಯ ಕಾನೂನಿನಲ್ಲಿ ಬರೆದಿದ್ದೇನು

1881ರಲ್ಲಿ ಬ್ರಿಟಿಷರು ತಂದ ಮೊದಲ ಕಾರ್ಖಾನೆ ಕಾನೂನಿನಲ್ಲೇ ಅಪಾಯಕಾರಿ ಯಂತ್ರಕ್ಕೆ ಬೇಲಿ ಹಾಕಬೇಕು ಅನ್ನುವ ಮಾತು ಇತ್ತು. ಆದರೆ ಅದು 100 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಗಿರಣಿಗಳಿಗೆ. ಆಮೇಲೆ ಒಂದೊಂದೇ ತಿದ್ದುಪಡಿಯಲ್ಲಿ ಆ ಗಡಿ ಕೆಳಗಿಳಿಯುತ್ತಾ ಬಂತು. 1948ರ ಕಾರ್ಖಾನೆಗಳ ಕಾಯ್ದೆ ಹೊತ್ತಿಗೆ ಅದು ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಅಂತ ಬಂದು ನಿಂತಿತು.

ಆ ಕಾಯ್ದೆಯ 21ನೇ ಕಲಂ ಯಂತ್ರದ ಬೇಲಿಯ ಬಗ್ಗೆ. ಚಲಿಸುವ ಅಪಾಯಕಾರಿ ಭಾಗಗಳಿಗೆ ಭದ್ರವಾದ ಬೇಲಿ ಇರಲೇಬೇಕು, ಯಂತ್ರ ಓಡುವಷ್ಟು ಹೊತ್ತೂ ಅದು ಅಲ್ಲೇ ಇರಬೇಕು. 22ನೇ ಕಲಂ ಓಡುತ್ತಿರುವ ಯಂತ್ರದ ಹತ್ತಿರ ಕೆಲಸ ಮಾಡುವವರ ಬಗ್ಗೆ. ತರಬೇತಿ ಆದವರೇ ಹೋಗಬೇಕು, ಮೈಗಂಟುವ ಬಟ್ಟೆಯನ್ನೇ ಹಾಕಿರಬೇಕು. 24ನೇ ಕಲಂ ವಿದ್ಯುತ್ ಕಡಿತಗೊಳಿಸುವ ಸಾಧನದ ಬಗ್ಗೆ. ಇಷ್ಟೂ ಸಂಸತ್ತು ಪಾಸು ಮಾಡಿದ ಕಾಯ್ದೆಯ ಒಳಗೇ ಇತ್ತು. ಹೆಚ್ಚಿನ ವಿವರ ರಾಜ್ಯದ 1969ರ ಕಾರ್ಖಾನೆ ನಿಯಮಗಳಲ್ಲಿತ್ತು.

ಇದರ ಬಲ ಎಲ್ಲಿತ್ತು ಅಂದರೆ, ವಾದಕ್ಕೆ ಜಾಗ ಕಡಿಮೆ. ಇನ್‌ಸ್ಪೆಕ್ಟರ್ ಬಂದಾಗ ಬೇಲಿ ಇದೆಯೋ ಇಲ್ಲವೋ? ಇಲ್ಲ ಅಂದರೆ ಅಪರಾಧ. ಯಾರಿಗೂ ಗಾಯ ಆಗಿರಬೇಕಿಲ್ಲ. ಜಾರಿ ಹೇಗಿತ್ತು ಅನ್ನುವುದು ಬೇರೆ ಮಾತು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಿಂದ ನಗರದ ಸುತ್ತಲಿನ ಅಷ್ಟೂ ಶೆಡ್ಡುಗಳ ಮೇಲೆ ಕಣ್ಣಿಡುವುದು ಕಾರ್ಖಾನೆ ಇಲಾಖೆಗೆ ಯಾವತ್ತೂ ಸುಲಭ ಇರಲಿಲ್ಲ. ಪೀಣ್ಯ ಏಷ್ಯಾದಲ್ಲೇ ದೊಡ್ಡ ಕೈಗಾರಿಕಾ ಪ್ರದೇಶ ಅನ್ನುವ ಮಾತು ಎಷ್ಟು ಹಳೆಯದೋ, ಅಲ್ಲಿನ ರಸ್ತೆ ಗುಂಡಿಯ ದೂರೂ ಅಷ್ಟೇ ಹಳೆಯದು. ಸಣ್ಣ ಶೆಡ್ಡುಗಳ ಸುರಕ್ಷತೆ ಈ ಎರಡರ ನಡುವೆ ಎಲ್ಲೋ ಕಳೆದುಹೋಗಿತ್ತು.

ಹನ್ನೆರಡು ಜನರ ಶೆಡ್ಡು ಈಗ ಎಲ್ಲಿ ನಿಲ್ಲುತ್ತದೆ

ಹೊಸದಾಗಿ ಬಂದಿರುವುದು 2020ರಲ್ಲಿ ಪಾಸಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ. ಇದರಲ್ಲಿ ‘ಕಾರ್ಖಾನೆ’ ಅನ್ನಿಸಿಕೊಳ್ಳಲು ವಿದ್ಯುತ್ ಇರುವಲ್ಲಿ 20 ಜನ, ಇಲ್ಲದಲ್ಲಿ 40 ಜನ ಬೇಕು. ಗಡಿ ಎರಡು ಪಟ್ಟು ಆಯಿತು. ಸಂಘಗಳು ‘ಸಣ್ಣ ಕಾರ್ಖಾನೆ ಹೊರಗೆ ಬಿತ್ತು’ ಅನ್ನುವುದು ಇದೇ ಕಾರಣಕ್ಕೆ.

ಆದರೆ ಇದೇ ಸಂಹಿತೆಯಲ್ಲಿ ‘ಸಂಸ್ಥೆ’ ಅನ್ನುವ ಇನ್ನೊಂದು ಪದ ಇದೆ. ಯಾವುದೇ ಉದ್ಯಮ, ವ್ಯಾಪಾರ, ತಯಾರಿಕೆ ಇರಲಿ, 10 ಜನ ಇದ್ದರೆ ಅದು ಸಂಸ್ಥೆ. ನೋಂದಣಿ ಆಗಬೇಕು, ಅಪಾಯವಿಲ್ಲದ ಕೆಲಸದ ಜಾಗ ಕೊಡಬೇಕು, ನೇಮಕಾತಿ ಪತ್ರ ಕೊಡಬೇಕು. ಅಂಗಡಿ, ಗೋದಾಮು, ಐಟಿ ಕಚೇರಿ ಎಲ್ಲವೂ ಇದರೊಳಗೆ ಬರುತ್ತವೆ. ಸರ್ಕಾರ ‘ಎಲ್ಲರಿಗೂ ವಿಸ್ತರಿಸಿದೆ’ ಅನ್ನುವುದು ಈ ಕಾರಣಕ್ಕೆ.

ಹಾಗಾದರೆ 12 ಜನರ ಪ್ರೆಸ್ ಶೆಡ್ಡು? ಅದು ಸಂಸ್ಥೆ ಹೌದು, ಕಾರ್ಖಾನೆ ಅಲ್ಲ. ಮಾಲೀಕರ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ. ಕಾರ್ಖಾನೆಗೆಂದೇ ಇರುವ ನಕ್ಷೆ ಅನುಮೋದನೆ, ಲೈಸೆನ್ಸ್ ಅನ್ನುವ ಹಂತ ಅದಕ್ಕಿಲ್ಲ. ಪ್ರೆಸ್ ಕೂರಿಸುವ ಮೊದಲೇ ಯಾರಾದರೂ ನೋಡಿ ಪ್ರಶ್ನೆ ಕೇಳಬಹುದಾಗಿದ್ದ ಬಾಗಿಲು ಅದೊಂದೇ ಆಗಿತ್ತು. ನೆಪಮಾತ್ರಕ್ಕೆ ಇದ್ದರೂ ಇತ್ತು.

ಎರಡನೆಯ ಬದಲಾವಣೆ ಸುದ್ದಿಯಲ್ಲಿ ಅಷ್ಟಾಗಿ ಬರಲಿಲ್ಲ. ಅದೇ ಹೆಚ್ಚು ಮುಖ್ಯ ಅಂತ ಅನ್ನಿಸುತ್ತದೆ. ಬೇಲಿಯ ವಿವರ ಈಗ ಕಾಯ್ದೆಯ ಒಳಗಿಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಮೂಲಕ ಹೊರಡಿಸುವ ಮಾನದಂಡಗಳಿಗೆ ಅದನ್ನು ಬಿಟ್ಟಿದ್ದಾರೆ. ಇದಕ್ಕೆ ಒಳ್ಳೆಯ ಸಮರ್ಥನೆಯೂ ಇದೆ. 1948ರ ಬೇಲಿಯ ಭಾಷೆಯಲ್ಲಿ ರೋಬೋಟ್ ಇಲ್ಲ, ಲೈಟ್ ಕರ್ಟನ್ ಇಲ್ಲ. ತಂತ್ರಜ್ಞಾನ ಬದಲಾದಾಗಲೆಲ್ಲ ಸಂಸತ್ತಿಗೆ ಹೋಗುವ ಬದಲು ಅಧಿಸೂಚನೆ ತಿದ್ದುವುದು ಸುಲಭ. ತೊಂದರೆಯೂ ಅಲ್ಲೇ ಇದೆ. ಸುಲಭವಾಗಿ ಬಿಗಿಗೊಳಿಸಬಹುದಾದ್ದನ್ನು ಅಷ್ಟೇ ಸುಲಭವಾಗಿ ಸಡಿಲಿಸಲೂಬಹುದು.

ಸದ್ಯಕ್ಕೆ ಗಾಬರಿಯಾಗಬೇಕಿಲ್ಲ. ಹೊಸ ವ್ಯವಸ್ಥೆ ಪೂರ್ತಿ ಸಿದ್ಧವಾಗುವ ತನಕ ಹಳೆಯ ಕಾನೂನುಗಳ ಸಂಬಂಧಪಟ್ಟ ನಿಯಮ, ಮಾನದಂಡ ಮುಂದುವರಿಯುತ್ತವೆ ಅಂತ ಜಾರಿ ದಿನವೇ ಕೇಂದ್ರ ಹೇಳಿತ್ತು. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಹಾಗಾಗಿ ಕೇಂದ್ರ ಸಂಹಿತೆ ಮಾಡಿದರೂ ರಾಜ್ಯದ ಶೆಡ್ಡುಗಳಿಗೆ ತಟ್ಟುವ ಬಹುಪಾಲು ನಿಯಮ ಬರೆಯುವುದು ರಾಜ್ಯವೇ.

ದಂಡ ಏರಿದ್ದು ನಿಜ

ಹಳೆಯ ಕಾಯ್ದೆಯಲ್ಲಿ ಸುರಕ್ಷತಾ ನಿಯಮ ಮುರಿದು ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದಿತ್ತು. ಕನಿಷ್ಠ ದಂಡ 25,000 ರೂಪಾಯಿ. ತೀವ್ರ ಗಾಯಕ್ಕೆ ಕನಿಷ್ಠ 5,000. ಹೊಸ ಸಂಹಿತೆಯಲ್ಲಿ ಸಾವಿಗೆ ಕನಿಷ್ಠವೇ ಐದು ಲಕ್ಷ. ತೀವ್ರ ಗಾಯಕ್ಕೆ ಎರಡರಿಂದ ನಾಲ್ಕು ಲಕ್ಷ. ದಂಡದಲ್ಲಿ ಕನಿಷ್ಠ ಅರ್ಧವನ್ನು ಗಾಯಗೊಂಡವರಿಗೋ ವಾರಸುದಾರರಿಗೋ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಇದು ಒಳ್ಳೆಯ ಬದಲಾವಣೆ, ಸಂಶಯವಿಲ್ಲ. ಹಿಂದೆ ದಂಡದ ಹಣ ಸರ್ಕಾರಕ್ಕೆ ಹೋಗುತ್ತಿತ್ತು, ಬೆರಳು ಕಳೆದುಕೊಂಡವನಿಗಲ್ಲ.

ಜೈಲಿನ ಲೆಕ್ಕ ಮಾತ್ರ ಹಾಗೇ ಇದೆ, ಸಾವಿಗೆ ಎರಡು ವರ್ಷದವರೆಗೆ. ಅಂದಹಾಗೆ, ನಿರ್ಲಕ್ಷ್ಯದಿಂದ ಸಾವು ಅನ್ನುವ ಪೊಲೀಸ್ ಪ್ರಕರಣ ಇದಕ್ಕೆ ಹೊರತಾಗಿ ನಡೆಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಲ್ಲಿ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆ ಇದೆ. ಹಳೆಯ ಐಪಿಸಿ 304ಎ ಪ್ರಕಾರ ಎರಡೇ ವರ್ಷ ಇತ್ತು.

ಇನ್ನೊಂದು ಲಾಭ ಇದೆ, ಬಹಳ ಜನ ಗಮನಿಸಿಲ್ಲ. ಎದುರಿಗೇ ದೊಡ್ಡ ಅಪಾಯ ಇದೆ ಅನ್ನಿಸಿದರೆ ಅದನ್ನು ಮಾಲೀಕರ ಗಮನಕ್ಕೂ ಅಧಿಕಾರಿಯ ಗಮನಕ್ಕೂ ತರುವ ಹಕ್ಕು ಹಿಂದೆ ರಾಸಾಯನಿಕದಂಥ ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಲ್ಲಿ ಮಾತ್ರ ಇತ್ತು. ಈಗ ಅದು ಎಲ್ಲ ಸಂಸ್ಥೆಗಳಿಗೂ ಬಂದಿದೆ. ಡಬಲ್ ಸ್ಟ್ರೋಕ್ ಹೊಡೆಯುವ ಪ್ರೆಸ್ ಬಗ್ಗೆ ದೂರು ಹೇಳಲು ಕಾನೂನಿನ ಬಲ ಸಿಕ್ಕಿದೆ. ದೂರು ಹೇಳಿದ ಹೆಲ್ಪರ್‌ಗೆ ನಾಳೆಯೂ ಕೆಲಸ ಇರುತ್ತದಾ ಅನ್ನುವುದು ಬೇರೆ ಪ್ರಶ್ನೆ.

ಒಟ್ಟು ಚಿತ್ರ ಹೀಗಿದೆ. ಅಪಘಾತ ಆದ ಮೇಲಿನ ಭಾಗ ಗಟ್ಟಿಯಾಗಿದೆ. ಆಗುವ ಮೊದಲಿನ ಭಾಗ, ಅಂದರೆ ಯಾರಾದರೂ ಬಂದು ಗಾರ್ಡ್ ಇದೆಯಾ ಅಂತ ನೋಡುವ ಭಾಗ, ಸಣ್ಣ ಶೆಡ್ಡುಗಳ ಮಟ್ಟಿಗೆ ತೆಳುವಾಗಿದೆ. ಇನ್‌ಸ್ಪೆಕ್ಟರ್ ಹೆಸರು ಈಗ ‘ಇನ್‌ಸ್ಪೆಕ್ಟರ್ ಮತ್ತು ಸೌಲಭ್ಯಕಾರ’. ಯಾವ ಸಂಸ್ಥೆಗೆ ಹೋಗಬೇಕು ಅನ್ನುವುದನ್ನು ಕಂಪ್ಯೂಟರ್ ಆರಿಸುವ ವ್ಯವಸ್ಥೆಗೂ ಸಂಹಿತೆಯಲ್ಲಿ ಅವಕಾಶ ಇದೆ.

ಮಾಲೀಕರ ಮಾತು, ಸಂಘಗಳ ಮಾತು

ಸಣ್ಣ ಉದ್ಯಮಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. 12 ಜನರ ಶೆಡ್ಡಿನಲ್ಲಿ ಮಾಲೀಕನೇ ಮ್ಯಾನೇಜರ್, ಅವನೇ ಖರೀದಿ, ಅವನೇ ಡೈ ಸೆಟ್ಟರ್. ಹತ್ತಾರು ರಿಜಿಸ್ಟರ್, ರಿಟರ್ನ್ ಅಂತ ಕೂತರೆ ಕೆಲಸ ನಡೆಯುವುದಿಲ್ಲ. ತಪಾಸಣೆ ಅನ್ನುವುದು ಎಷ್ಟೋ ಸಲ ಮಷಿನ್ ನೋಡುವ ಬದಲು ಪುಸ್ತಕ ನೋಡುವ, ಆಮೇಲೆ ‘ಹೊಂದಿಸಿಕೊಳ್ಳುವ’ ವ್ಯವಹಾರವಾಗಿತ್ತು ಅನ್ನುವ ದೂರು ಇದೆ. ಗಾಳಿ ಕ್ಲಚ್ ಇರುವ ಹೊಸ ಪ್ರೆಸ್ ತಗೊಳ್ಳಲು ಸಾಲ ಬೇಕು. ಆರ್ಡರ್ ಕೊಡುವವರು ದರ ಏರಿಸುವುದಿಲ್ಲ. ಹತ್ತು ಜನರ ಗಡಿ ದಾಟದ ಹಾಗೆ ಶೆಡ್ಡನ್ನು ಸಣ್ಣದಾಗೇ ಇಟ್ಟುಕೊಳ್ಳುತ್ತಿದ್ದವರು ಈಗ ಬೆಳೆಯಬಹುದು ಅನ್ನುತ್ತಾರೆ.

ಸಂಘಗಳ ವಾದ ನೇರವಾದ್ದು. ಕೈ ಕಳೆದುಕೊಳ್ಳುವವರು ಜಾಸ್ತಿ ಇರುವುದೇ ಸಣ್ಣ ಶೆಡ್ಡುಗಳಲ್ಲಿ. ಸಂಘ ಇಲ್ಲ, ಸುರಕ್ಷತಾ ಅಧಿಕಾರಿ ಇಲ್ಲ, ಕೆಲಸಗಾರರಲ್ಲಿ ಬಹಳಷ್ಟು ಜನ ಉತ್ತರ ಕರ್ನಾಟಕದಿಂದಲೋ ಒಡಿಶಾ, ಬಿಹಾರದಿಂದಲೋ ಬಂದವರು. ಕಾನೂನಿನ ಬಿಗಿ ಬೇಕಾಗಿದ್ದು ಅಲ್ಲಿ, ಸಡಿಲ ಆಗಿದ್ದೂ ಅಲ್ಲೇ. ಸುರಕ್ಷತಾ ಅಧಿಕಾರಿಯ ಗಡಿ 1,000 ಜನರಿಂದ 500ಕ್ಕೆ ಇಳಿದದ್ದು ಸರಿಯೇ. ಆದರೆ ಅದರ ಲಾಭ ದೊಡ್ಡ ಕಾರ್ಖಾನೆಗೆ.

ಬೆಳವಣಿಗೆಯ ವಾದದಲ್ಲಿ ಒಂದು ತೂತು ಇದೆ. ಪಿಎಫ್ ಕಡ್ಡಾಯ ಆಗುವುದೂ 20 ಜನಕ್ಕೆ. ಹಾಗಾಗಿ ಹಾಜರಿ ಪುಸ್ತಕದಲ್ಲಿ 19ಕ್ಕೆ ನಿಲ್ಲುವ ಅಭ್ಯಾಸ ಹೊಸದೇನಲ್ಲ. ಈಗ ಎರಡು ಗಡಿಯೂ ಒಂದೇ ಜಾಗಕ್ಕೆ ಬಂದವು. 38 ಜನರ ಒಂದು ಕಾರ್ಖಾನೆ ಹೆಂಡತಿ ಹೆಸರಲ್ಲಿ ಒಂದು, ತಮ್ಮನ ಹೆಸರಲ್ಲಿ ಒಂದು ಅಂತ 19ರ ಎರಡು ಶೆಡ್ಡಾದರೆ ಪಿಎಫ್ ಕೂಡ ಇಲ್ಲ, ಕಾರ್ಖಾನೆ ಲೈಸೆನ್ಸ್ ಕೂಡ ಇಲ್ಲ. ಹಿಂದೆ ಕಾರ್ಖಾನೆ ಕಾಯ್ದೆ ತಪ್ಪಿಸಲು ಒಂಬತ್ತೊಂಬತ್ತು ಜನರ ತುಂಡು ಮಾಡಬೇಕಿತ್ತು, ಅದು ಕಷ್ಟ. ಗಡಿ ಮೇಲೆ ಹೋದಷ್ಟೂ ಒಡೆದು ತೋರಿಸುವುದು ಸುಲಭ.

ಲೆಕ್ಕಕ್ಕೆ ಬಾರದ ಗಾಯ

ಯಾರ ವಾದ ಸರಿ ಅಂತ ಅಂಕಿಅಂಶ ನೋಡಿ ಹೇಳಬಹುದಲ್ಲ? ಅಂಕಿಗಳೇ ಅನುಮಾನ ಹುಟ್ಟಿಸುತ್ತವೆ. ಕಾರ್ಖಾನೆ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಮಹಾನಿರ್ದೇಶನಾಲಯದ ಲೆಕ್ಕದಲ್ಲಿ 2017ರಿಂದ 2020ರವರೆಗೆ ನೋಂದಾಯಿತ ಕಾರ್ಖಾನೆಗಳಲ್ಲಿ ವರ್ಷಕ್ಕೆ ಸರಾಸರಿ 1,100ರಷ್ಟು ಜನ ಸತ್ತಿದ್ದಾರೆ, 4,000ಕ್ಕೂ ಹೆಚ್ಚು ಜನರಿಗೆ ಗಾಯವಾಗಿದೆ. ಅಂದರೆ ಒಂದು ಸಾವಿಗೆ ಸುಮಾರು ನಾಲ್ಕು ಗಾಯ. ಬ್ರಿಟನ್‌ನಲ್ಲಿ 2023-24ರಲ್ಲಿ ಎಲ್ಲ ಉದ್ಯೋಗ ಸೇರಿ ಕೆಲಸದಲ್ಲಿ ಸತ್ತವರು 138. ಮಾಲೀಕರು ವರದಿ ಮಾಡಿದ ಗಾಯ 61,000ಕ್ಕೂ ಹೆಚ್ಚು. ಅಂದರೆ ಒಂದು ಸಾವಿಗೆ 400ಕ್ಕೂ ಮೀರಿ.

ಎರಡೂ ಲೆಕ್ಕದ ರೀತಿ ಬೇರೆ, ವಲಯ ಬೇರೆ. ನೇರ ಹೋಲಿಕೆ ಆಗದು. ಆದರೂ ನಾಲ್ಕಕ್ಕೂ ನಾನೂರಕ್ಕೂ ಇಷ್ಟು ಅಂತರ ಬರೀ ರೀತಿಯಿಂದ ಬರುವುದಿಲ್ಲ. ಭಾರತದ ಮಷಿನ್‌ಗಳು ಕೊಂದರೆ ಕೊಲ್ಲುತ್ತವೆ, ಗಾಯ ಮಾಡುವುದು ಅಪರೂಪ ಅಂತ ನಂಬಲಾದೀತೇ? ಸಾವನ್ನು ಮುಚ್ಚಿಡುವುದು ಕಷ್ಟ. ಬೆರಳನ್ನು ಮುಚ್ಚಿಡಬಹುದು. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಹೊಲಿಗೆ, ಕೈಗೆ ಒಂದಿಷ್ಟು ದುಡ್ಡು, ಊರಿಗೆ ಬಸ್ಸು. 48 ಗಂಟೆ ಕೆಲಸಕ್ಕೆ ಬರಲಾಗದ ಗಾಯವಾದರೆ ಇಲಾಖೆಗೆ ತಿಳಿಸಬೇಕು ಅಂತ ಹಳೆಯ ಕಾಯ್ದೆ ಹೇಳುತ್ತಿತ್ತು. ತಿಳಿಸದಿದ್ದರೆ ಗೊತ್ತಾಗುವ ದಾರಿ ಇರಲಿಲ್ಲ.

ಇದು ನೋಂದಾಯಿತ ಕಾರ್ಖಾನೆಗಳ ಲೆಕ್ಕ. 10ರಿಂದ 19 ಜನರ ಶೆಡ್ಡುಗಳು ಕಾರ್ಖಾನೆ ಪಟ್ಟಿಯಿಂದಲೇ ಹೊರಗೆ ಹೋದರೆ ಮುಂದಿನ ವರ್ಷಗಳಲ್ಲಿ ಕಾರ್ಖಾನೆ ಅಪಘಾತದ ಸಂಖ್ಯೆ ಇಳಿದಂತೆ ಕಾಣಬಹುದು. ಆಗ ‘ಸುಧಾರಣೆ ಫಲ ಕೊಟ್ಟಿತು’ ಅನ್ನುವ ತಲೆಬರಹ ಬಂದರೆ, ಲೆಕ್ಕಕ್ಕೆ ಹಿಡಿದ ಕಾರ್ಖಾನೆಗಳ ಪಟ್ಟಿಯಲ್ಲಿ ಏನು ಬದಲಾಯಿತು ಅಂತ ನೋಡಿ ಓದಬೇಕಾಗುತ್ತದೆ.

ಒಂದು ಬೆರಳಿಗೆ ಎಷ್ಟು

ಕಾನೂನಿನಲ್ಲಿ ಬೆರಳುಗಳಿಗೆ ದರಪಟ್ಟಿ ಇದೆ. 1923ರ ಪರಿಹಾರ ಕಾಯ್ದೆಯಿಂದ ಬಂದ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಸುವ ಶಕ್ತಿಯಲ್ಲಿ 30% ನಷ್ಟ. ತೋರುಬೆರಳು ಪೂರ್ತಿ ಹೋದರೆ 14%, ನಡುಬೆರಳು 12%, ಉಂಗುರ ಬೆರಳು ಅಥವಾ ಕಿರುಬೆರಳು 7%. ಒಂದು ಕೈಯ ನಾಲ್ಕು ಬೆರಳೂ ಹೋದರೆ 50%. ಓದಲು ಕಸಿವಿಸಿ ಆಗುತ್ತದೆ. ಆದರೆ ಈ ಪಟ್ಟಿ ಇಲ್ಲದಿದ್ದರೆ ಪ್ರತಿ ಬೆರಳಿಗೂ ಚೌಕಾಸಿ ನಡೆಯುತ್ತಿತ್ತು.

30 ವರ್ಷದ, ತಿಂಗಳಿಗೆ 15,000 ರೂಪಾಯಿ ಸಂಬಳದ ಒಬ್ಬ ಆಪರೇಟರ್ ತೋರುಬೆರಳು ಕಳೆದುಕೊಂಡ ಅಂತಿಟ್ಟುಕೊಳ್ಳಿ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇಲ್ಲದಿದ್ದರೆ ಲೆಕ್ಕ ಹೀಗೆ: ಸಂಬಳದ 60% ಅಂದರೆ 9,000. ಅದನ್ನು 30ನೇ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸಬೇಕು. ಬರುವ ಮೊತ್ತದಲ್ಲಿ 14%. ಒಟ್ಟು ಸುಮಾರು 2,62,000 ರೂಪಾಯಿ, ಒಂದೇ ಸಲಕ್ಕೆ. ಸಂಬಳ 15,000ಕ್ಕಿಂತ ಎಷ್ಟೇ ಜಾಸ್ತಿ ಇದ್ದರೂ 2020ರ ಅಧಿಸೂಚನೆಯಂತೆ ಲೆಕ್ಕ ಹಿಡಿಯುವುದು 15,000ವನ್ನೇ.

ಇಎಸ್‌ಐ ಇದ್ದರೆ ದಾರಿ ಬೇರೆ. ಚಿಕಿತ್ಸೆ ಪೀಣ್ಯ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ. ಗುಣವಾಗುವ ತನಕ ಸಂಬಳದ 90%. ಆಮೇಲೆ ಬೆರಳಿನ ನಷ್ಟಕ್ಕೆ ಜೀವನಪೂರ್ತಿ ತಿಂಗಳು ತಿಂಗಳು ಹಣ. ದಿನಕ್ಕೆ 600 ರೂಪಾಯಿ ಸರಾಸರಿ ಕೂಲಿ ಇದ್ದರೆ ಅದರ 90% 540. ಅದರಲ್ಲಿ 14% ಅಂದರೆ ದಿನಕ್ಕೆ 75 ರೂಪಾಯಿ 60 ಪೈಸೆ, ತಿಂಗಳಿಗೆ 2,268. ನೋಡಲು ಸಣ್ಣದು. ಆದರೆ 30 ವರ್ಷದವನಿಗೆ ಇದೇ ಒಟ್ಟಾರೆ ಹೆಚ್ಚು ಬಾಳುತ್ತದೆ.

ಇಲ್ಲಿ ಹೊಸ ಸಂಹಿತೆಗಳ ಒಂದು ವಿಚಿತ್ರ ಹೊರಬರುತ್ತದೆ. ಇಎಸ್‌ಐ ಗಡಿ ಇವತ್ತಿಗೂ 10 ಜನ. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸರ್ಕಾರ ಅಪಾಯಕಾರಿ ಅಂತ ಸೂಚಿಸಿದ ಕೆಲಸವಾದರೆ ಒಬ್ಬನೇ ಕೆಲಸಗಾರ ಇದ್ದರೂ ಇಎಸ್‌ಐ ತರಬಹುದು. ಅಂದರೆ 12 ಜನರ ಶೆಡ್ಡು ಬೆರಳು ಹೋದ ಮೇಲೆ ಸರ್ಕಾರಕ್ಕೆ ಕಾಣಿಸುತ್ತದೆ, ಬೆರಳು ಇರುವಾಗ ಕಾರ್ಖಾನೆಯಾಗಿ ಕಾಣಿಸುವುದಿಲ್ಲ.

ಕಾಣಿಸುವುದಾದರೂ ಯಾವಾಗ? ಹರಿಯಾಣದ ವಾಹನ ಬಿಡಿಭಾಗ ವಲಯದಲ್ಲಿ ಕೆಲಸ ಮಾಡುವ ‘ಸೇಫ್ ಇನ್ ಇಂಡಿಯಾ’ ಸಂಸ್ಥೆ ಗಾಯಗೊಂಡವರನ್ನು ವರ್ಷಗಳಿಂದ ಮಾತಾಡಿಸುತ್ತಾ ಬಂದಿದೆ. ಅವರು ಮತ್ತೆ ಮತ್ತೆ ಕಂಡ ಒಂದು ಸಂಗತಿ: ಬಹಳ ಜನರಿಗೆ ಇಎಸ್‌ಐ ಕಾರ್ಡ್ ಕೈಗೆ ಬಂದದ್ದು ಅಪಘಾತ ಆದ ಮೇಲೆ. ಕೆಲಸಕ್ಕೆ ಸೇರಿದ ದಿನ ಬರಬೇಕಾದ್ದು ಅದು.

ದೊಡ್ಡ ಶಿಫ್ಟ್, ದಣಿದ ಕೈ

2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರ ಲಿಖಿತ ಒಪ್ಪಿಗೆ ಇದ್ದರೆ ದಿನಕ್ಕೆ 12 ಗಂಟೆವರೆಗೆ ಕೆಲಸಕ್ಕೆ ದಾರಿ ಮಾಡಿತು. ವಾರದ ಮಿತಿ 48 ಗಂಟೆಯೇ ಉಳಿಯಿತು. ಮೂರು ತಿಂಗಳ ಓಟಿ ಮಿತಿ 75ರಿಂದ 145 ಗಂಟೆಗೆ ಏರಿತು. ಹೊಸ ಸಂಹಿತೆ ದಿನಕ್ಕೆ ಎಂಟು ಗಂಟೆ ಅನ್ನುತ್ತದೆ, ಅದರ ಮೇಲಿನದ್ದಕ್ಕೆ ಓಟಿ, ಅದಕ್ಕೂ ಕೆಲಸಗಾರನ ಒಪ್ಪಿಗೆ. ಕಾಗದದಲ್ಲಿ ಒಪ್ಪಿಗೆ ಇದೆ. ಆದರೆ ಓಟಿ ಇಲ್ಲದೆ ಬಾಡಿಗೆ ಕಟ್ಟಲಾಗದವನು ಬೇಡ ಅನ್ನುವುದು ಹೇಗೆ? ಹಿಂದಿನ ಲೆಕ್ಕಕ್ಕೇ ಹೋದರೆ, ಇನ್ನೆರಡು ಗಂಟೆ ಅಂದರೆ ಕೈ ಇನ್ನೂ 1,200 ಸಲ ಡೈ ಒಳಗೆ. ಅದೂ ದಿನದಲ್ಲಿ ಅತಿ ದಣಿದಿರುವ ಹೊತ್ತಿನಲ್ಲಿ.

ಮಷಿನ್ ಕಡೆಯಿಂದ ಬರುವ ದಾರಿ

ಇಷ್ಟು ಹೊತ್ತು ಹೇಳಿದ್ದು ಮಷಿನ್ ಬಳಸುವವರ ಮೇಲಿನ ಕಾನೂನು. ಮಷಿನ್ ಮಾಡಿ ಮಾರುವವರ ಮೇಲೆ ಹಾಕುವುದು ಇನ್ನೊಂದು ದಾರಿ. ಕೇಂದ್ರದ ಭಾರಿ ಕೈಗಾರಿಕೆ ಸಚಿವಾಲಯ 2024ರ ಆಗಸ್ಟ್‌ನಲ್ಲಿ ಯಂತ್ರಗಳ ಸುರಕ್ಷತೆಗೆ ಅಂಥದ್ದೊಂದು ಆದೇಶ ಹೊರಡಿಸಿತು. ನಿಗದಿತ ಯಂತ್ರಗಳು ಭಾರತೀಯ ಮಾನದಂಡಕ್ಕೆ ಹೊಂದಬೇಕು ಅಂತ. 2025ರ ಆಗಸ್ಟ್ 28ಕ್ಕೆ ಜಾರಿ ಅಂದಿದ್ದರು. ಉದ್ಯಮದಿಂದ ಒತ್ತಡ ಬಂತು, 2025ರಲ್ಲೇ ಅದನ್ನು 2026ರ ಸೆಪ್ಟೆಂಬರ್ 1ಕ್ಕೆ ಮುಂದೂಡಿದರು.

ಬೆಂಗಳೂರಿಗೆ ಇದು ಗೊತ್ತಿಲ್ಲದ ಕೆಲಸವಲ್ಲ. 1953ರಲ್ಲಿ ಯಂತ್ರ ತಯಾರಿಸುವ ಎಚ್‌ಎಂಟಿ ಇಲ್ಲೇ ಶುರುವಾಯಿತು. ಇವತ್ತು ಈ ಊರಿನಲ್ಲಿ ತಯಾರಾಗಿ ಯುರೋಪಿಗೆ ಹೋಗುವ ಯಂತ್ರಕ್ಕೆ ಸಿಇ ಗುರುತು, ಅಂದರೆ ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದುತ್ತದೆ ಅನ್ನುವ ಗುರುತು, ಬೇಕು. ಬಾಗಿಲು ತೆರೆದರೆ ಅಪಾಯದ ಚಲನೆ ನಿಲ್ಲಬೇಕು, ಎಮರ್ಜೆನ್ಸಿ ಬಟನ್ ಕೈಗೆಟುಕುವಲ್ಲಿ ಇರಬೇಕು. ಅದನ್ನು ಇಲ್ಲಿನವರು ಮಾಡಿ ಕಳಿಸುತ್ತಾರೆ. ಅದೇ ಕೈಗಾರಿಕಾ ಪ್ರದೇಶದ ಇನ್ನೊಂದು ಅಡ್ಡರಸ್ತೆಯಲ್ಲಿ ಮೂರನೇ ಕೈ ದಾಟಿ ಬಂದ ಕೀ ಕ್ಲಚ್ ಪ್ರೆಸ್ ಗಾರ್ಡ್ ಇಲ್ಲದೆ ಓಡುತ್ತದೆ. ತಯಾರಕರ ಮೇಲಿನ ಆದೇಶದಿಂದ ಹೊಸ ಮಷಿನ್ ಸುಧಾರಿಸಬಹುದು. ಆಗಲೇ ಶೆಡ್ಡಿನಲ್ಲಿ ಕೂತಿರುವ ಹಳೆಯ ಪ್ರೆಸ್ ಅದರಿಂದ ಬದಲಾಗುವುದಿಲ್ಲ.

ಇನ್ನು ನೋಡಬೇಕಾದ್ದು

ಕೇಂದ್ರದ ಮಾನದಂಡ ಮತ್ತು ರಾಜ್ಯದ ನಿಯಮಗಳಲ್ಲಿ ಮೂರು ಜಾಗ ನೋಡಿದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ. ಯಂತ್ರದ ಬೇಲಿಯ ಬಗ್ಗೆ ಹಳೆಯ 21ನೇ ಕಲಂನಷ್ಟೇ ಖಡಾಖಂಡಿತ ಮಾತು ಬರುತ್ತದೋ, ‘ಸಾಧ್ಯವಿರುವ ಮಟ್ಟಿಗೆ’ ಅನ್ನುವ ಬಾಲ ಅಂಟಿಕೊಳ್ಳುತ್ತದೋ? ಪವರ್ ಪ್ರೆಸ್, ಮೋಲ್ಡಿಂಗ್ ಮಷಿನ್ ಇರುವ 10ರಿಂದ 19 ಜನರ ಸಂಸ್ಥೆಗಳಿಗೆ ಪ್ರತ್ಯೇಕ ಮಾನದಂಡ ಇರುತ್ತದೋ ಇಲ್ಲವೋ? ಕಂಪ್ಯೂಟರ್ ಆರಿಸುವ ತಪಾಸಣೆ ಪಟ್ಟಿಯಲ್ಲಿ ಇಂಥ ಶೆಡ್ಡುಗಳಿಗೆ ಹೆಚ್ಚಿನ ತೂಕ ಸಿಗುತ್ತದೋ, ಐಟಿ ಕಚೇರಿಯ ಜೊತೆಗೆ ಸಮಾನ ಸಾಲಿನಲ್ಲಿ ನಿಲ್ಲುತ್ತವೋ?

ಒಂದು ಸಣ್ಣ ಅನುಕೂಲ ಸಂಹಿತೆಗಳಲ್ಲೇ ಅಡಗಿದೆ. ವಿಮೆ ಇರುವ ಶೆಡ್ಡುಗಳಿಂದ ವರದಿಯಾದ ಗಾಯದ ವಿವರ ಇಎಸ್‌ಐಗೆ ಬರುತ್ತದೆ. ಯಾವ ಪಿನ್‌ಕೋಡಿನಲ್ಲಿ, ಯಾವ ಬಗೆಯ ಮಷಿನ್‌ನಲ್ಲಿ ಎಷ್ಟು ಬೆರಳು ಹೋದವು ಅಂತ ಅಲ್ಲಿ ಗೊತ್ತಿರುತ್ತದೆ. ಆ ಮಾಹಿತಿ ಕಾರ್ಖಾನೆ ಇಲಾಖೆಯ ತಪಾಸಣೆ ಪಟ್ಟಿಗೆ ಹೋದರೆ, ಇನ್‌ಸ್ಪೆಕ್ಟರ್ ಮೊದಲು ಯಾವ ಅಡ್ಡರಸ್ತೆಗೆ ತಿರುಗಬೇಕು ಅನ್ನುವುದಕ್ಕೆ ಕಂಪ್ಯೂಟರ್ ಚೀಟಿ ಎತ್ತಬೇಕಾಗಿಲ್ಲ.